ರಾತ್ರಿಯಾದರೆ ಕಾಲು ಸುಮ್ಮನಿರುವುದಿಲ್ಲ, ದೋಸ್ತ

ಪ್ರೀತಿಯ ದೋಸ್ತ,

ರಾತ್ರಿ ಎರಡು ಗಂಟೆಗೂ ಆನ್‌ಲೈನ್ ತೋರಿಸ್ತೀಯಲ್ಲ, ಏನು ನಡೆಸಿದ್ದೀಯಾ ಅಂತ ನೀನು ಕೇಳಿದ್ದೆ. ಫೋನಲ್ಲೇ ಹೇಳಬಹುದಿತ್ತು. ಎಲ್ಲರಿಗೂ ಕಾಣುವ ಹಾಗೆ ಬರೆಯೋಣ ಅನ್ನಿಸಿತು. ಇದನ್ನು ಓದುವ ಯಾರದೋ ಮನೆಯಲ್ಲಿ ಒಬ್ಬರು ದಿನಾ ರಾತ್ರಿ ಎದ್ದು ಹಾಲ್‌ನಲ್ಲಿ ಓಡಾಡುತ್ತಿರುತ್ತಾರೆ, ಅದೊಂದು ಕಾಯಿಲೆ ಅಂತ ಅವರಿಗೂ ಗೊತ್ತಿರುವುದಿಲ್ಲ, ಮನೆಯವರಿಗೂ ಗೊತ್ತಿರುವುದಿಲ್ಲ.

ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್ ಅಂತಾರೆ ಕಣೋ. ಹಗಲೆಲ್ಲ ಏನೂ ಇಲ್ಲ. ಊಟ ಮುಗಿಸಿ, ದೀಪ ಆರಿಸಿ, ಕಾಲು ಚಾಚಿದ ಮೇಲೆ ಶುರು. ಮೀನಖಂಡದ ಒಳಗೆ ಎಲ್ಲೋ ಆಳದಲ್ಲಿ ಏನೋ ಹರಿದಾಡುತ್ತೆ. ನೋವು ಅನ್ನೋಕಾಗಲ್ಲ, ತುರಿಕೆಯಲ್ಲ, ಜೋಮೂ ಅಲ್ಲ. ಕಾಲು ಆಡಿಸಲೇಬೇಕು, ಅಷ್ಟೇ. ತಡೆದುಕೊಂಡಷ್ಟೂ ಜಾಸ್ತಿಯಾಗುತ್ತೆ. ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಮಾಯ. ಮತ್ತೆ ಮಲಗಿದರೆ ಮತ್ತೆ ಹಾಜರು. ಬೆಳಗಿನ ಜಾವ ತಾನಾಗಿಯೇ ಇಳಿದು ಕಣ್ಣು ಹತ್ತುವ ಹೊತ್ತಿಗೆ ಹಾಲಿನವನು ಬೆಲ್ ಮಾಡುತ್ತಾನೆ. ನೆಗಡಿ ಮಾತ್ರೆ ತಗೊಂಡು ಮಲಗಿದ ರಾತ್ರಿಗಳಂತೂ ಯಾರಿಗೂ ಬೇಡ. ನಿದ್ದೆ ಬರಿಸುವ ಕೆಲವು ಅಲರ್ಜಿ, ನೆಗಡಿ ಮಾತ್ರೆಗಳು ಇದನ್ನು ಕೆರಳಿಸುತ್ತವೆ ಅಂತ ಆಮೇಲೆ ಗೊತ್ತಾಯಿತು.

ನಿದ್ದೆ ಬಂದ ಮೇಲೂ ಕಾಲು ಬಿಡುವುದಿಲ್ಲ. ಹೆಂಡತಿ ಒಂದು ರಾತ್ರಿ ವಿಡಿಯೊ ಮಾಡಿಟ್ಟಿದ್ದಳು. ಹೆಬ್ಬೆರಳು ಮೇಲಕ್ಕೆ ಏಳುತ್ತೆ, ಪಾದ ಹಿಂದಕ್ಕೆ ಬಾಗುತ್ತೆ, ಮೊಣಕಾಲು ಒಂಚೂರು ಮಡಚುತ್ತೆ, ಮತ್ತೆ ಸಡಿಲ. ಸುಮಾರು ಅರ್ಧ ನಿಮಿಷ ಏನೂ ಇಲ್ಲ. ಮತ್ತೆ ಹೆಬ್ಬೆರಳು. ಹೀಗೇ ಲೆಕ್ಕ ಹಾಕಿದ ಹಾಗೆ ನಡೆಯುತ್ತಲೇ ಇರುತ್ತೆ. ನನಗೆ ಇದರ ಅರಿವೇ ಇಲ್ಲ, ಆಳವಾಗಿ ಮಲಗಿದ್ದೇನೆ. ನನ್ನ ಕಾಲನ್ನು ನಾನೇ ಬೇರೆ ಯಾರದೋ ಕಾಲಿನಂತೆ ನೋಡಿದೆ. ಈ ಕಾಯಿಲೆ ಇರುವವರಲ್ಲಿ 80% ಗಿಂತ ಹೆಚ್ಚು ಜನಕ್ಕೆ ನಿದ್ದೆಯಲ್ಲಿ ಹೀಗೂ ಆಗುತ್ತಂತೆ.

ನರರೋಗದ ಡಾಕ್ಟರು ಕಾಲು ನೋಡಿದ್ದಕ್ಕಿಂತ ಪ್ರಶ್ನೆ ಕೇಳಿದ್ದೇ ಜಾಸ್ತಿ. ಆಡಿಸಬೇಕು ಅನ್ನಿಸುತ್ತಾ, ಸುಮ್ಮನಿದ್ದಾಗ ಹೆಚ್ಚಾಗುತ್ತಾ, ನಡೆದರೆ ಕಮ್ಮಿಯಾಗುತ್ತಾ, ಸಂಜೆ ಮೇಲೇ ಜೋರಾ. ಸ್ಕ್ಯಾನಿನಲ್ಲಿ ಸಿಗುವ ಕಾಯಿಲೆ ಅಲ್ಲ, ಹೀಗೆ ಕೇಳಿಯೇ ಗುರುತಿಸಬೇಕು. ಆಮೇಲೆ ಬರೆದುಕೊಟ್ಟಿದ್ದು ಒಂದು ರಕ್ತಪರೀಕ್ಷೆ, ಫೆರಿಟಿನ್. ಈ ಭಾಗವನ್ನು ನೀನು ಗಮನವಿಟ್ಟು ಓದು, ಯಾಕೆಂದರೆ ಕಾಲೇಜಿನಿಂದಲೂ ಕ್ಯಾಂಪ್ ಅಂದರೆ ಸಾಕು, ರಕ್ತ ಕೊಡೋಕೆ ಓಡುವವರು ನಾವಿಬ್ಬರೇ ಅಲ್ವಾ. ನನ್ನ ಹಿಮೋಗ್ಲೋಬಿನ್ ಚೆನ್ನಾಗಿಯೇ ಇತ್ತು. ಆದರೆ ದೇಹದಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸುವುದು ಫೆರಿಟಿನ್, ಅದು ತಳ ಹಿಡಿದಿತ್ತು. ಲ್ಯಾಬ್ ರಿಪೋರ್ಟಿನಲ್ಲಿ ಅದರ ಪಕ್ಕ ‘ನಾರ್ಮಲ್’ ಅಂತಲೇ ಇತ್ತು ನೋಡು. ಡಾಕ್ಟರು ಒಪ್ಪಲಿಲ್ಲ. ಈ ಕಾಯಿಲೆ ಇರುವವರಿಗೆ ಫೆರಿಟಿನ್ 75ರವರೆಗೂ (ng/mL) ಕಮ್ಮಿ ಅಂತಲೇ ಲೆಕ್ಕ ಹಿಡಿದು ಕಬ್ಬಿಣ ಕೊಡಬೇಕು ಅಂದರು. ಮಿದುಳಿನಲ್ಲಿ ಡೋಪಮಿನ್ ಅನ್ನೋ ರಾಸಾಯನಿಕ ಸರಿಯಾಗಿ ಕೆಲಸ ಮಾಡೋಕೆ ಕಬ್ಬಿಣ ಬೇಕು, ಅಲ್ಲಿ ಕೊರತೆಯಾದರೆ ಕಾಲಿನಲ್ಲಿ ಈ ಗಲಾಟೆ. ಪದೇ ಪದೇ ರಕ್ತ ಕೊಡುವವರಿಗೆ ಕಬ್ಬಿಣದ ದಾಸ್ತಾನು ಕರಗುತ್ತೆ, ಸದ್ಯಕ್ಕೆ ನಿಲ್ಲಿಸಿ ಅಂದಿದ್ದಾರೆ. ಬೇರೆ ಎಲ್ಲಾದರೂ ರಕ್ತ ಸೋರುತ್ತಿದೆಯಾ ಅಂತಲೂ ನೋಡಿದರು, ಏನೂ ಇಲ್ಲ. ಈಗ ಕಬ್ಬಿಣದ ಮಾತ್ರೆ ನಿಂಬೆ ಶರಬತ್ತಿನ ಜೊತೆ. ಮಾತ್ರೆಯ ಹೊತ್ತಿಗೆ ಕಾಫಿ ಕುಡಿಯುವ ಹಾಗಿಲ್ಲ. ಪರೀಕ್ಷೆ ಮಾಡಿಸದೆ ನೀನಾಗಿಯೇ ಮಾತ್ರೆ ನುಂಗಬೇಡ, ಕಬ್ಬಿಣ ಜಾಸ್ತಿಯಾದರೂ ತೊಂದರೆಯೇ. ಡೋಪಮಿನ್ ಥರ ಕೆಲಸ ಮಾಡುವ ಮಾತ್ರೆಗಳನ್ನು ಮೊದಲು ಧಾರಾಳವಾಗಿ ಕೊಡುತ್ತಿದ್ದರಂತೆ. ವರ್ಷಗಳ ಮೇಲೆ ಅವೇ ಕಾಯಿಲೆಯನ್ನು ಹೆಚ್ಚಿಸುತ್ತವೆ ಅಂತ ಕಂಡು, ಈಗ ಅವನ್ನು ಹಿಂದಕ್ಕೆ ಸರಿಸಿದ್ದಾರೆ.

ಕೊನೆಯಲ್ಲಿ ಡಾಕ್ಟರು ಕೇಳಿದರು, ಮನೆಯಲ್ಲಿ ಇನ್ಯಾರಿಗಾದರೂ ಇತ್ತಾ?

ಇಲ್ಲ ಅನ್ನೋಕೆ ಬಾಯಿ ತೆರೆದೆ ಕಣೋ. ಅಷ್ಟರಲ್ಲಿ ಅಮ್ಮ ಕಣ್ಣ ಮುಂದೆ ಬಂದಳು. ಹಳೇ ಸೀರೆಯ ಅಂಚು ಹರಿದು ಮೀನಖಂಡಕ್ಕೆ ಬಿಗಿಯಾಗಿ ಸುತ್ತಿಕೊಂಡು ಮಲಗುತ್ತಿದ್ದಳು. ‘ಒಂಚೂರು ತುಳಿಯೋ ಮಗ’ ಅಂತ ಕರೆದರೆ ನಾನು ಕಿಟಕಿ ಸರಳು ಹಿಡಿದುಕೊಂಡು ಅವಳ ಕಾಲ ಮೇಲೆ ಹತ್ತಿ ನಿಲ್ಲುತ್ತಿದ್ದೆ. ನಡುರಾತ್ರಿ ಪಾತ್ರೆ ತೊಳೆಯುವ ಸದ್ದು ನಮ್ಮ ಮನೆಯಲ್ಲಿ ಮಾಮೂಲಿ. ಕೂತಲ್ಲಿ ಕಾಲು ಆಡಿಸಿದರೆ ಅಜ್ಜಿ ದರಿದ್ರ ಬರುತ್ತೆ ಅಂತ ಬೈಯುತ್ತಿದ್ದಳು. ಹಗಲೆಲ್ಲ ದುಡಿದ ಆಯಾಸ ಅಂದರು ಅಪ್ಪ. ಯಾರೋ ದೃಷ್ಟಿ ತೆಗೆದರು. 1672ರಲ್ಲೇ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಅನ್ನೋ ವೈದ್ಯ ಇದನ್ನು ಬರೆದಿಟ್ಟಿದ್ದಾನೆ, ಚಿತ್ರಹಿಂಸೆಗೆ ಒಳಗಾದವರಂತೆ ಇವರು ನಿದ್ದೆ ಮಾಡಲಾರರು ಅಂತ. 1945ರಲ್ಲಿ ಸ್ವೀಡನ್ನಿನ ಕಾರ್ಲ್ ಆಕ್ಸೆಲ್ ಎಕ್ಬೊಮ್ ಇದರ ಮೇಲೆ ಒಂದು ಪುಸ್ತಕವನ್ನೇ ಬರೆದ. ಅರಸೀಕೆರೆ ಹತ್ತಿರದ ನಮ್ಮ ಮನೆಗೆ ಅದರ ಸುದ್ದಿ ಬರಲೇ ಇಲ್ಲ. ಇದು ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು, ಬಸುರಿಯ ಕೊನೆಯ ತಿಂಗಳುಗಳಲ್ಲಿ ಇನ್ನೂ ಹೆಚ್ಚು. 2019ರಿಂದ 21ರ ನಡುವಿನ ಸರ್ಕಾರಿ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 57% ಜನರಿಗೆ ರಕ್ತಹೀನತೆ. ಅವರಲ್ಲಿ ಎಷ್ಟು ಜನ ಕಾಲಿಗೆ ಬಟ್ಟೆ ಕಟ್ಟಿಕೊಂಡು ಮಲಗುತ್ತಿದ್ದಾರೋ. ನನಗೆ ಸಿಟ್ಟು ಬರುತ್ತೆ ದೋಸ್ತ. ಒಂದು ರಕ್ತಪರೀಕ್ಷೆಯ ಮಾತು ಇದು.

ಮುಂದಿನದನ್ನು ಬರೆಯಬೇಕು ಅಂತ ಕೂತಿರಲಿಲ್ಲ. ಸಂಜೆ ಆದರೆ ನನಗೆ ಭಯ ಆಗುತ್ತೆ. ಕಾಲು ತಾಗಿ ಹೆಂಡತಿಯ ನಿದ್ದೆ ಕೆಡಬಾರದು ಅಂತ ನಾನು ಹಾಲ್‌ನ ದಿವಾನದ ಮೇಲೆ ಮಲಗೋಕೆ ಶುರು ಮಾಡಿದ್ದೆ. ಒಂದು ದಿನ ಅವಳು ತುಂಬ ಮೆಲ್ಲಗೆ ಕೇಳಿದಳು, ನನ್ನ ಪಕ್ಕ ಮಲಗೋಕೆ ಬೇಜಾರಾ ಅಂತ. ವಿಡಿಯೊ ಮಾಡಿದ್ದು ಅದಾದ ಮೇಲೆ. ಇನ್ನೊಂದು, ಮಗಳು ನಿದ್ದೆಯಲ್ಲಿ ಕಾಲು ಝಾಡಿಸಿದಾಗಲೆಲ್ಲ ನಾನು ಹೊದಿಕೆ ಸರಿಸಿ ಅವಳ ಹೆಬ್ಬೆರಳು ನೋಡುತ್ತಾ ಕೂರುತ್ತೇನೆ. ಎಷ್ಟೋ ಮನೆಗಳಲ್ಲಿ ಇದು ತಲೆಮಾರಿನಿಂದ ತಲೆಮಾರಿಗೆ ಬರುತ್ತೆ ಅಂತ ಓದಿದ ಮೇಲೆ ಮನಸ್ಸು ತಡೆಯುವುದಿಲ್ಲ. ಮಕ್ಕಳು ನಿದ್ದೆಯಲ್ಲಿ ಕಾಲು ಆಡಿಸುವುದು ಸಹಜ, ನನಗೂ ಗೊತ್ತು. ಆದರೂ ಕೂರುತ್ತೇನೆ.

ಸಾಕು ಬಿಡು, ಜಾಸ್ತಿ ಬರೆದೆ. ಈಗ ಎಷ್ಟೋ ವಾಸಿ, ಮತ್ತೆ ನಮ್ಮ ಕೋಣೆಯಲ್ಲೇ ಮಲಗುತ್ತಿದ್ದೇನೆ. ನಿನ್ನ ಗೃಹಪ್ರವೇಶಕ್ಕೆ ಬರದಿದ್ದಕ್ಕೂ ಸ್ಲೀಪರ್ ಬಸ್ಸೇ ಕಾರಣ, ರಾತ್ರಿಯಿಡೀ ಆ ಗೂಡಿನಲ್ಲಿ ನನ್ನ ಕೈಲಾಗಲ್ಲ. ದಸರಾ ರಜೆಯಲ್ಲಿ ಹಗಲು ರೈಲಿಗೆ ಬರುತ್ತೇನೆ, ಬೇಕಾದಾಗ ಎದ್ದು ಓಡಾಡಬಹುದು. ಮೊದಲು ಅರಸೀಕೆರೆಯಲ್ಲಿ ಇಳಿದು ಅಮ್ಮನ ರಕ್ತಪರೀಕ್ಷೆ ಮಾಡಿಸಬೇಕು. ಈ ವಯಸ್ಸಲ್ಲಿ ನಂಗ್ಯಾಕೋ ಅಂತಾಳೆ, ನೀನೂ ಒಂದು ಫೋನ್ ಮಾಡಿ ಹೇಳು, ನಿನ್ನ ಮಾತಾದರೆ ಕೇಳುತ್ತಾಳೆ. ಗಿರ್ಮಿಟ್, ಮಿರ್ಚಿ ರೆಡಿ ಇರಲಿ. ಹೆಡ್‌ಮಾಸ್ತರ ಛತ್ರಿ ಈ ಸಲ ವಾಪಸ್ ತರುತ್ತೇನೆ, ಆಣೆ. ಫೆರಿಟಿನ್ ಮರೀಬೇಡ.

ನಿನ್ನ,
ಮೂರನೇ ಬೆಂಚು