ಮಗಳಿಗೊಂದು ಪತ್ರ: 54 ಮೆಟ್ಟಿಲು

ಡೊಂಬಿವಲಿ

ಪ್ರೀತಿಯ ಪುಟ್ಟಿ,

ಫೋನ್ ಮಾಡಿದಾಗೆಲ್ಲ "ಊಟ ಆಯ್ತಾ ಅಮ್ಮಾ?" ಅಂತ ಕೇಳುತ್ತೀಯ. ನಾನು "ಆಯ್ತು" ಅನ್ನುತ್ತೇನೆ. ನಿಜ ಹೇಳಬೇಕೆಂದರೆ ಎಷ್ಟೋ ದಿನ ಚಹಾದಲ್ಲಿ ಎರಡು ಖಾರಿ ಬಿಸ್ಕತ್ತು ಅದ್ದಿ ತಿಂದದ್ದೇ ಊಟ. ಹಸಿವೇ ಇರುತ್ತಿರಲಿಲ್ಲ. ರಾತ್ರಿ ಮೂರಕ್ಕೆ ಎಚ್ಚರವಾದರೆ ಮೊದಲ ಲೋಕಲ್ ರೈಲಿನ ಸದ್ದು ಕೇಳುವವರೆಗೂ ಫ್ಯಾನ್ ನೋಡುತ್ತಾ ಬಿದ್ದಿರುತ್ತಿದ್ದೆ.

ಅಪ್ಪ ಹೋದ ಕೊರಗು ಅಂತ ನೀನು ಅಂದುಕೊಂಡಿರಬಹುದು. ಅದೂ ಇತ್ತು. ಆದರೆ ಆಗ ನಾನು ಮುಂಬೈಯ ಮಾಟುಂಗಾಕ್ಕೆ ಹೋಗುತ್ತಿದ್ದೆ, ಅಲ್ಲಿನ ಕನ್ನಡಿಗರ ಮೈಸೂರು ಅಸೋಸಿಯೇಷನ್ ಕಾರ್ಯಕ್ರಮ ತಪ್ಪಿಸುತ್ತಿರಲಿಲ್ಲ. ಮಂಡಿನೋವು ಜಾಸ್ತಿಯಾದ ಮೇಲೆ ಎಲ್ಲ ನಿಂತಿತು. ಮೂರನೇ ಮಹಡಿ, ಲಿಫ್ಟ್ ಇಲ್ಲ, 54 ಮೆಟ್ಟಿಲು. ತರಕಾರಿಗೆ ಬಾಲ್ಕನಿಯಿಂದ ಹಗ್ಗ ಕಟ್ಟಿ ಚೀಲ ಇಳಿಸತೊಡಗಿದೆ. ಕೊತ್ತಂಬರಿ ಕಟ್ಟು ಹಿಡಿದು ಚೌಕಾಸಿ ಮಾಡುತ್ತಿದ್ದ ನಾಲ್ಕು ಮಾತೂ ಹೋಯಿತು. ಕಿವಿ ಮಂದವಾಗಿ ಫೋನ್ ಎತ್ತುವುದೂ ಬೇಡವಾಯಿತು. ಔಷಧಿಗೂ ನಿನ್ನನ್ನೇ ದುಡ್ಡು ಕೇಳಬೇಕಲ್ಲ ಅನ್ನುವ ಸಂಕೋಚ ಬೇರೆ.

ಕಳೆದ ತಿಂಗಳು ಪಕ್ಕದ ಮನೆ ವಹಿನಿ ಬಲವಂತ ಮಾಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಮನಸ್ಸಿಗೆ ಬೇಜಾರಿದೆಯಾ ಅಂತ ಡಾಕ್ಟರು ಮರಾಠಿಯಲ್ಲಿ ಕೇಳಿದರು. ಇಲ್ಲ, ಮೈಕೈ ನೋವು ಅಂದೆ. ಅವರು ಬಿಡಲಿಲ್ಲ. ವಯಸ್ಸಾದವರಿಗೆಂದೇ ಮಾಡಿದ 15 ಪ್ರಶ್ನೆ ಓದಿದರು, ಹೌದು ಇಲ್ಲ ಅಂದರೆ ಸಾಕು. ಹೊರಗೆ ಹೋಗುವುದಕ್ಕಿಂತ ಮನೆಯಲ್ಲೇ ಇರೋಣ ಅನ್ನಿಸುತ್ತದಾ? ಮೊದಲು ಇಷ್ಟಪಟ್ಟು ಮಾಡುತ್ತಿದ್ದದ್ದನ್ನೆಲ್ಲ ಬಿಟ್ಟಿದ್ದೀರಾ? ಹೌದು ಅನ್ನುವಾಗ ರಂಗೋಲಿ ಡಬ್ಬಿ ನೆನಪಾಯಿತು. ಮಳೆಗಾಲದ ತೇವಕ್ಕೆ ಪುಡಿ ಕಲ್ಲಾಗಿ ಕೂತಿದೆ, ಚಮಚದಲ್ಲಿ ಕೆರೆದರೂ ಏಳುವುದಿಲ್ಲ. ಅಲ್ಲೇ ಅತ್ತುಬಿಟ್ಟೆ ಪುಟ್ಟಿ.

ವಯಸ್ಸಾದರೆ ಹೀಗೇ ಅಂತ ಸುಮ್ನಿರಬೇಡಿ, ಇದು ಖಿನ್ನತೆ, ಚಿಕಿತ್ಸೆ ಇದೆ ಅಂದರು. ಥೈರಾಯ್ಡ್, ಬಿ12 ಕಡಿಮೆಯಾದರೂ ಹೀಗಾಗುತ್ತದೆ ಅಂತ ರಕ್ತ ಪರೀಕ್ಷೆ ಮಾಡಿಸಿದರು. ಮಾತ್ರೆ ಶುರುವಾಗಿದೆ. ಗುಣ ಕಾಣಲು ಕೆಲವು ವಾರ ಬೇಕಂತೆ, ನಡುವೆ ನಾವಾಗಿಯೇ ಬಿಡಬಾರದಂತೆ. ಮಂಡಿಗೆ ವ್ಯಾಯಾಮ ಹೇಳಿಕೊಡಲು ಒಬ್ಬ ಹುಡುಗಿ ಮನೆಗೇ ಬರುತ್ತಾಳೆ. ಮನಸ್ಸಿನ ತೊಂದರೆಗೆ ಸರಕಾರದ ಸಹಾಯವಾಣಿ ಟೆಲಿ ಮಾನಸ್ ಇದೆಯಲ್ಲ, ಅದರ ನಂಬರ್ 14416 ಫ್ರಿಜ್ ಮೇಲೆ ಅಂಟಿಸಿದ್ದೇನೆ. ರಾತ್ರಿಯೂ ಮಾಡಬಹುದು, ಕನ್ನಡದಲ್ಲೂ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ನಿನ್ನ ಅತ್ತೆ ಈಚೆಗೆ ರೂಮಿನಿಂದ ಆಚೆಗೇ ಬರುವುದಿಲ್ಲ ಅಂತ ನೀನೇ ಅಂದಿದ್ದೆ ಅಲ್ವಾ? ಸೋಮಾರಿತನ ಅಂದುಕೊಳ್ಳಬೇಡ ಮಗಳೇ. ಪಕ್ಕದಲ್ಲಿ ಕೂತು ಮಾತಾಡಿಸು, ಡಾಕ್ಟರಿಗೆ ತೋರಿಸು. ನನಗೆ ಇನ್ನು ವಿಡಿಯೊ ಕಾಲ್ ಮಾಡು, ತುಟಿ ಕಂಡರೆ ಮಾತು ತಿಳಿಯುತ್ತದೆ. ಊಟ ಆಯ್ತಾ ಅನ್ನಬೇಡ, ಏನು ಅಡುಗೆ ಮಾಡಿದೆ ಅಂತ ಕೇಳು. ಇವತ್ತು ಬಸಳೆ ಹುಳಿ ಮಾಡಿದ್ದೆ.

ನಿನ್ನ
ಅಮ್ಮ