ಅಕ್ಕನಿಗೆ, ಮತ್ತು ನಿಮಗೆಲ್ಲರಿಗೂ

ನನ್ನ ಚಿತ್ರಗಳ ಪ್ರದರ್ಶನ ಮುಗಿಯಿತು. ಬಂದು ನೋಡಿದವರಿಗೆ, ಬರಲಾಗದೆ ಫೋನ್ ಮಾಡಿದವರಿಗೆ, ಫ್ರೇಮ್ ಹಾಕಿಕೊಟ್ಟವರಿಗೆ, ಚಿತ್ರಗಳ ಮೇಲೆ ಬೆಳಕು ಸರಿಯಾಗಿ ಬೀಳುವಂತೆ ಮಾಡಿದ ಹುಡುಗರಿಗೆ ನನ್ನ ನಮಸ್ಕಾರ. ಕಳೆದ ವರ್ಷ ನಮ್ಮ ಮನೆಯಲ್ಲಿ ಆದದ್ದು ನಿಮಗೆ ಗೊತ್ತೇ ಇದೆ. ಮತ್ತೆ ಬರೆಯುವುದಿಲ್ಲ.

ಆದರೆ ಅಕ್ಕನ ಬಗ್ಗೆ ಬರೆಯಲೇಬೇಕು. ಸ್ವಂತ ಅಕ್ಕ ಅಲ್ಲ, ನನಗಿಂತ ಎಷ್ಟೋ ಮೊದಲು ಕುಂಚ ಹಿಡಿದವರು.

ಮೊದಲೆಲ್ಲ ನನ್ನ ಕ್ಯಾನ್ವಾಸ್ ತುಂಬ ಜನ. ಮುಖ್ಯವಾದವರು ನಡುವೆ, ಉಳಿದವರು ಸುತ್ತ. ಅಪ್ಪ ಹೋದ ಮೇಲೆ ಮನುಷ್ಯರನ್ನು ಬರೆಯಲು ಕೈ ಏಳಲಿಲ್ಲ. ಕುರ್ಚಿ, ಬಾಗಿಲು, ಮಡಚಿಟ್ಟ ಹಾಸಿಗೆ ಬಂದವು. ಅವೂ ಅಂಚಿಗೆ ಸರಿದವು. ನಡುವೆ ಬರೀ ಬೂದು ಬಣ್ಣ.

ಚಿತ್ರಗಳನ್ನು ಪ್ರದರ್ಶನಕ್ಕೆ ಕಳಿಸುವ ಹಿಂದಿನ ರಾತ್ರಿ, ಎಲ್ಲದರ ಮೇಲೂ ಬಿಳಿ ಬಣ್ಣ ಬಳಿದುಬಿಡೋಣ ಅನ್ನಿಸಿತು. ಅಕ್ಕನಿಗೆ ಫೋನ್ ಮಾಡಿದೆ. ಬಂದರು. ಸಮಾಧಾನ ಹೇಳಲಿಲ್ಲ. ದೊಡ್ಡ ಚಿತ್ರವನ್ನು ತಲೆಕೆಳಗಾಗಿ ನಿಲ್ಲಿಸಿ, "ಈಗ ಕಣ್ಣು ಕಿರಿದು ಮಾಡಿ ನೋಡು" ಅಂದರು. ಹಾಗೆ ನೋಡಿದರೆ ಇದು ಕುರ್ಚಿ, ಅದು ಬಾಗಿಲು ಅನ್ನುವುದು ಮರೆತುಹೋಗುತ್ತದೆ. ಕತ್ತಲೆ ಎಷ್ಟು, ಬೆಳಕು ಎಷ್ಟು, ತೂಕ ಯಾವ ಕಡೆ ಅನ್ನುವುದಷ್ಟೇ ಕಾಣುತ್ತದೆ. ಮೂಲೆಯಲ್ಲಿದ್ದ ಆ ಸಣ್ಣ ಕಪ್ಪು ಕುರ್ಚಿ ಅಷ್ಟು ದೊಡ್ಡ ಬೂದು ಜಾಗವನ್ನು ಹಿಡಿದು ನಿಲ್ಲಿಸಿತ್ತು!

ಆಮೇಲೆ ತುಂಬ ಹೊತ್ತು ಮಾತಾಡಿದರು. ಡಚ್ ಚಿತ್ರಕಾರ ಮಾಂಡ್ರಿಯನ್ 1911ರಲ್ಲಿ 'ಬೂದು ಮರ' ಅನ್ನುವ ಚಿತ್ರ ಬರೆದರು. ಅದರಲ್ಲಿ ಕೊಂಬೆಯಷ್ಟೇ ಕೊಂಬೆಗಳ ನಡುವಿನ ಜಾಗವೂ ಮುಖ್ಯ. ಮುಂದೆ ಮರವೇ ಹೋಗಿ ಗೆರೆಗಳು ಉಳಿದವು. ಅಮೆರಿಕದ ಚಿತ್ರಕಾರ ಫಿಲಿಪ್ ಗಸ್ಟನ್ ಇದಕ್ಕೆ ಉಲ್ಟಾ. ಹೆಸರು ತಂದುಕೊಟ್ಟ ಅಮೂರ್ತ ಶೈಲಿ (ಗುರುತಿಸುವಂಥ ವಸ್ತುಗಳಿಲ್ಲದೆ ಬರೀ ಬಣ್ಣ, ಆಕಾರ) ಬಿಟ್ಟು, 1970ರಲ್ಲಿ ನ್ಯೂಯಾರ್ಕಿನಲ್ಲಿ ಬೂಟು, ಗಡಿಯಾರ, ಮುಸುಕು ಹಾಕಿದವರನ್ನು ತೋರಿಸಿದರು. ವಿಮರ್ಶಕರು ಹಿಗ್ಗಾಮುಗ್ಗಾ ಬೈದರು. ಆದರೂ ಗಸ್ಟನ್ ಹಳೇ ದಾರಿಗೆ ಮರಳಲಿಲ್ಲ.

"ಬರೆಯುವ ವಿಷಯ ಬದಲಾದ ಮೇಲೆ ಚಿತ್ರ ಕಟ್ಟುವ ರೀತಿ ಹಾಗೇ ಇರುತ್ತಾ? ನಿನಗೀಗ ನಡುವೆ ಯಾರೂ ಇಲ್ಲ, ಅಲ್ವಾ? ಅದನ್ನೇ ಬರೆದಿದ್ದೀಯ" ಅಂದರು.

ನಾನು ಜೋರಾಗಿ ಅತ್ತುಬಿಟ್ಟೆ. ಆಸ್ಪತ್ರೆಯಲ್ಲಿ ಬಾರದ ಅಳು ಅವತ್ತು ಬಂತು. ಅಕ್ಕ ಸುಮ್ನೆ ಪಕ್ಕದಲ್ಲಿ ಕೂತಿದ್ದರು. ಬೆಳಗಾಗುವವರೆಗೂ ಏಳಲಿಲ್ಲ. ವ್ಯಾನ್ ಬಂದಾಗ ಮೊದಲ ಚಿತ್ರ ಎತ್ತಿಕೊಟ್ಟವರೂ ಅವರೇ.

ಈಗ ಹೊಸ ಸರಣಿ ಶುರು ಮಾಡಿದ್ದೇನೆ. ಮನುಷ್ಯರು ಮತ್ತೆ ಬರುತ್ತಿದ್ದಾರೆ, ಅಂಚಿನಿಂದ, ಒಬ್ಬೊಬ್ಬರಾಗಿ. ಸ್ಕೆಚ್‌ಗಳು ಅಕ್ಕನ ಹತ್ತಿರ ಇವೆ. ಅವರು ನೋಡಿದ ಮೇಲೆ ನಿಮಗೂ ತೋರಿಸುತ್ತೇನೆ.