‘ಹೇಳಿ ಸಾರ್’, ‘ಏನಮ್ಮ ನೀನು?’

ಮಾನ್ಯರೇ,

ಗಂಡ, ಹೆಂಡತಿ, ಅತ್ತೆ, ಮಾವ ಎಲ್ಲರನ್ನೂ ಒಟ್ಟಿಗೆ ಕೂರಿಸಿ ಮಾತಾಡಿಸುವುದೇ ಕೌಟುಂಬಿಕ ಸಮಾಲೋಚನೆ ಎಂಬ ರೂಢಿ ಹಲವೆಡೆ ಇದೆ. ಅಲ್ಲಿ ಮೊದಲು ಬಾಯಿ ತೆರೆದವರ ಮಾತೇ ಕಡತದ ತಲೆಬರಹವಾಗುತ್ತದೆ. ‘ಇವಳಿಗೆ ಹೊಂದ್ಕೊಂಡು ಹೋಗೋಕೆ ಬರಲ್ಲ’ ಎಂದು ಗಂಡ ಅಂದರೆ ‘ಹೊಂದಾಣಿಕೆ ಸಮಸ್ಯೆ’ ಎಂದು ದಾಖಲಾಗುತ್ತದೆ. ಆಮೇಲೆ ಅವಳು ಅತ್ತರೆ ಹಟ, ಸುಮ್ಮನಿದ್ದರೆ ಒಪ್ಪಿಗೆ. ಇನ್ನು ಸಮಾಲೋಚಕರು ಗಂಡನಿಗೆ ‘ಹೇಳಿ ಸಾರ್’, ಹೆಂಡತಿಗೆ ‘ಏನಮ್ಮ ನೀನು?’ ಅಂದರಂತೂ ಯಾರ ಮಾತಿಗೆ ಎಷ್ಟು ತೂಕವೆಂದು ಕೋಣೆಯಲ್ಲಿದ್ದವರಿಗೆಲ್ಲ ತಿಳಿದುಹೋಗುತ್ತದೆ. ಬಹುವಚನಕ್ಕೇನು ಖರ್ಚೇ?

ಪ್ರಶ್ನೆ ಕೇಳುವ ಬಗೆಯಲ್ಲೂ ಎಡವುತ್ತೇವೆ. ಇಟಲಿಯ ಮಿಲಾನ್ ತಂಡದ ಕುಟುಂಬ ಚಿಕಿತ್ಸಕರು 1980ರ ಹೊತ್ತಿಗೆ ಬಳಕೆಗೆ ತಂದ ‘ಸುತ್ತು ಪ್ರಶ್ನೆ’, ಅಂದರೆ ಮನೆಯಲ್ಲಿ ಒಬ್ಬರ ನಡತೆಗೆ ಇನ್ನೊಬ್ಬರು ಹೇಗೆ ನಡೆದುಕೊಳ್ಳುತ್ತಾರೆಂದು ಕೇಳುವ ಬಗೆ, ಒಳ್ಳೆಯ ಸಾಧನವೇ. ‘ಅಪ್ಪ ದನಿ ಎತ್ತಿದರೆ ಮೊದಲು ಎದ್ದು ಹೋಗೋದು ಯಾರು?’ ಎಂದು ಮಗಳನ್ನು ಕೇಳಿದರೆ ಮನೆಯ ಒಳಗಿನ ಚಿತ್ರ ಸಿಗುತ್ತದೆ. ಆದರೆ ಹೊಡೆತವಿರುವ ಮನೆಯಲ್ಲಿ ‘ನೀವೇನು ಮಾಡಿದಾಗ ಅವರು ಹೊಡೀತಾರೆ?’ ಎಂದು ಅದೇ ಧಾಟಿ ಹಿಡಿದರೆ, ಹೊಡೆತ ಅವಳ ನಡತೆಗೆ ಸಿಕ್ಕ ಉತ್ತರದಂತೆ ಕಾಣತೊಡಗುತ್ತದೆ. ಎಂಬತ್ತರ ದಶಕದಲ್ಲೇ ಸ್ತ್ರೀವಾದಿ ಚಿಕಿತ್ಸಕರು ಈ ತಕರಾರು ಎತ್ತಿದ್ದರು.

ಹಾಗಾಗಿ ಮೊದಲು ಒಬ್ಬೊಬ್ಬರನ್ನೇ ಕನಿಷ್ಠ ಅರ್ಧ ಗಂಟೆ, ಬಾಗಿಲು ಮುಚ್ಚಿ ಕೇಳಬೇಕು. ಮೊಬೈಲ್ ಆಫ್ ಆಗಿರಲಿ. ಕರೆ ಚಾಲೂ ಇಟ್ಟು ಹೊರಗಿನಿಂದ ಕೇಳಿಸಿಕೊಳ್ಳುವವರಿದ್ದಾರೆ. ‘ಇಲ್ಲಿ ಹೇಳಿದ್ದಕ್ಕೆ ಮನೆಗೆ ಹೋದಮೇಲೆ ಏನಾಗಬಹುದು?’ ಎಂಬ ಪ್ರಶ್ನೆಯನ್ನು ಬಿಡಬಾರದು. ಉತ್ತರದಲ್ಲಿ ಹೆದರಿಕೆ ಕಂಡರೆ ಜಂಟಿ ಭೇಟಿ ಬೇಡ. ‘ಎರಡು ಸಲ ಹೊಡೆದರು’ ಎಂಬ ಮಾತನ್ನು ‘ದಂಪತಿ ನಡುವೆ ಆಗಾಗ ಜಗಳ’ ಎಂದು ತಿದ್ದಿ ಬರೆದರೆ ಹೊಡೆದವನೇ ಮಾಯ! ಅವಳ ಮಾತನ್ನು ಅವಳದೇ ಪದಗಳಲ್ಲಿ ಬರೆದು, ಅವಳೊಬ್ಬಳಿಗೇ ಓದಿ ಹೇಳಿ ಸಹಿ ಪಡೆಯಬೇಕು.

ಮ್ಯಾಜಿಸ್ಟ್ರೇಟರು ಸಮಾಲೋಚನೆಗೆ ಕಳಿಸುವ ಪ್ರಕರಣಗಳಿಗೆ ಕೌಟುಂಬಿಕ ದೌರ್ಜನ್ಯ ತಡೆ ಕುರಿತ 2006ರ ನಿಯಮಾವಳಿಯ 14ನೇ ನಿಯಮವೇ ಇದೆ. ಹಿಂಸೆಗೆ ಸಮರ್ಥನೆ ಕೊಡಲು ಎದುರುದಾರರಿಗೆ, ಅಂದರೆ ಯಾರ ಮೇಲೆ ದೂರಿದೆಯೋ ಅವರಿಗೆ, ಅವಕಾಶವಿಲ್ಲ, ಇದನ್ನು ಆರಂಭದಲ್ಲೇ ಅವರಿಗೆ ತಿಳಿಸಬೇಕು, ಹಿಂಸೆ ಮಾಡುವುದಿಲ್ಲವೆಂಬ ಮುಚ್ಚಳಿಕೆಯನ್ನು ಅವರಿಂದಲೇ ಪಡೆಯಬೇಕು ಎನ್ನುತ್ತದೆ ಅದು. ನಾವೋ ‘ಇನ್ನುಮುಂದೆ ಅನ್ಯೋನ್ಯವಾಗಿರುತ್ತೇವೆ’ ಎಂದು ಇಬ್ಬರಿಂದಲೂ ಸಹಿ ಹಾಕಿಸುತ್ತೇವೆ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಈ ನಿಯಮವನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ, ಪ್ರತಿ ಸಮಾಲೋಚನಾ ಕೋಣೆಯ ಗೋಡೆಗೆ ಅಂಟಿಸಲಿ.

– ಒಬ್ಬ ಆಪ್ತಸಮಾಲೋಚಕಿ, ಶಿವಮೊಗ್ಗ